ಒರೆಸದ ಎಣ್ಣೆ

ಕಬ್ಬಿಣದ ಬೀರು ಮಾಡುವ ಕಾರ್ಖಾನೆಯಲ್ಲಿ ಬಣ್ಣದ ತಪಾಸಣೆ ಮಾಡುತ್ತಿದ್ದ ಸಾಹೇಬರು ಇಡೀ ನೌಕರಿಯಲ್ಲಿ ಒಂದು ಬೀರುವನ್ನೂ ಮೊದಲ ಸಲಕ್ಕೆ ಪಾಸು ಮಾಡಿದವರಲ್ಲ. ಉಗುರಿನಿಂದ ಒಮ್ಮೆ ಕೆರೆದು, ಮೂಗು ಮುರಿದು, "ಬಣ್ಣ ತೆಳು" ಎಂದರೆ ಮುಗಿಯಿತು, ಬೀರು ಬಂದ ದಾರಿಯಲ್ಲೇ ವಾಪಸು. ನಿವೃತ್ತಿಯ ದಿನ ಕೈಗೆ ಕೊಟ್ಟ ಗೋಡೆ ಗಡಿಯಾರವನ್ನೂ ಅಲ್ಲೇ ತಿರುಗಿಸಿ ಅದರ ಬೆನ್ನು ಕೆರೆದು ನೋಡಿದರಂತೆ.

ಅದೇ ಉಗುರು ಮಗಳು ಮೆಚ್ಚಿದ ಹುಡುಗನ ಮೇಲೂ ಬಿತ್ತು. ಆಟಿಕೆ ಅಂಗಡಿಯಲ್ಲಿ ಕೆಲಸ ಅವನಿಗೆ. ಮಗಳು ಅವನನ್ನು ಊಟಕ್ಕೆ ಕರೆತಂದ ದಿನ ಅವನೆದುರೇ, "ಹುಡುಗನಲ್ಲಿ ಗಟ್ಟಿತನ ಇಲ್ಲ" ಎಂದುಬಿಟ್ಟರು. ಅರ್ಧ ಊಟಕ್ಕೆ ಅವನನ್ನು ಎಬ್ಬಿಸಿಕೊಂಡು ಹೋದ ಮಗಳು ಮದುವೆಯಾದ ಮೇಲೂ ಇತ್ತ ತಲೆ ಹಾಕಿರಲಿಲ್ಲ. ಸಾಹೇಬರ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡು ವರ್ಷಗಳನ್ನು ದೂಡಿದಳು. ಕೊನೆಗೆ ಅಲ್ಲಿ ಗೋಗರೆದು, ಇಲ್ಲಿ ಮುನಿಸಿಕೊಂಡು, ಈ ಭಾನುವಾರ ಇಬ್ಬರೂ ಊಟಕ್ಕೆ ಬರುವ ಹಾಗೆ ಮಾಡಿದ್ದಳು. ಈ ಒಂದು ಊಟ ಸುಸೂತ್ರವಾಗಿ ಮುಗಿದರೆ ಸಾಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಸಾಹೇಬರಿಗೂ ಒಳಗೊಳಗೇ ಆಸೆಯಿತ್ತು. ಬಾಯಿಬಿಟ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ. ಹಾಗೆ ಹೇಳುವ ಬದಲು ಹಳೆಯ ಊಟದ ಮೇಜನ್ನು ಯಾರಿಗೋ ಕೊಟ್ಟು, ಹೊಸದನ್ನು ತಮ್ಮ ಕೈಯಾರೆ ಮಾಡತೊಡಗಿದರು. ಹಲಗೆ ಕೊಯ್ದರು, ಜೋಡಿಸಿದರು, ಮರಳುಕಾಗದದಿಂದ ಉಜ್ಜಿದರು. ನಿಜ ಹೇಳಬೇಕೆಂದರೆ ಮೇಜು ಚೆನ್ನಾಗಿಯೇ ಬಂತು, ನಾಲ್ಕು ಕಾಲೂ ನೆಲ ಮುಟ್ಟುತ್ತಿದ್ದವು. ಕೆಟ್ಟದ್ದು ಎಣ್ಣೆ ಹಚ್ಚುವಾಗ.

ಅಗಸೆ ಎಣ್ಣೆಯ ಡಬ್ಬಿಯ ಮೇಲೆ ಇದ್ದದ್ದನ್ನು ಹೆಂಡತಿಯೇ ಓದಿ ಹೇಳಿದಳು: ಬಟ್ಟೆಯಿಂದ ತೆಳುವಾಗಿ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಮರ ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ.

"ತೆಳುವಾಗಿ ಅಂತೆ," ಎಂದರು ಸಾಹೇಬರು, ಯಾರೋ ಬೈದ ಹಾಗೆ. "ಹಚ್ಚಿದ್ದನ್ನೇ ಒರೆಸೋಕೆ ನನಗೇನು ತಲೆ ಕೆಟ್ಟಿದೆಯಾ? ಇಂಥ ಮೈಗಳ್ಳರನ್ನ ಬೇಕಾದಷ್ಟು ನೋಡಿದೀನಿ."

ಸುರಿದರು. ಅದು ಒಣಗುವ ಮುಂಚೆ ಅದರ ಮೇಲೆ ಮತ್ತೆ ಸುರಿದರು. ಮೇಜು ಕನ್ನಡಿಯ ಹಾಗೆ ಹೊಳೆಯಿತು, ಮುಖ ನೋಡಿಕೊಳ್ಳಲು ಬಂದ ನೊಣ ಅಲ್ಲೇ ಉಳಿದುಕೊಂಡಿತು. ಭಾನುವಾರ ಬೆಳಿಗ್ಗೆ ಹೆಂಡತಿ ಬೆರಳಿಟ್ಟು ನೋಡಿದಳು.

"ರೀ, ಇನ್ನೂ ಅಂಟಂಟು."

"ನಿನ್ನ ಕೈ ಅಂಟು. ತೊಳ್ಕೊಂಡು ಬಾ."

ಮಧ್ಯಾಹ್ನ ಅಳಿಯ ಒಳಗೆ ಕಾಲಿಟ್ಟಾಗ ಅತ್ತೆ ಗಾಬರಿಯಿಂದ ಸಾಹೇಬರ ಕಡೆ ನೋಡಿದಳು. ಅವನ ಮೈಮೇಲಿದ್ದ ಬೂದು ಸ್ವೆಟರನ್ನು ಅವಳೇ ಗಂಡನಿಗೆ ಗೊತ್ತಾಗದ ಹಾಗೆ ಹೆಣೆದು, ಕದ್ದು ಮಗಳಿಗೆ ತಲುಪಿಸಿದ್ದಳು. ಅತ್ತೆಯ ಮುಖ ನೋಡಿದವನೇ ಅಳಿಯ ಏನೂ ಅರಿಯದವನ ಹಾಗೆ ಬೇರೆ ಕಡೆ ತಿರುಗಿದ. ಪಾಪ, ಖುಷಿಪಡುತ್ತಾರೆಂದು ಹಾಕಿಕೊಂಡು ಬಂದಿದ್ದ.

ಹೊಸ ಮೇಜಿಗೆ ಗೀರು ಬೀಳಬಾರದೆಂದು ಸಾಹೇಬರ ಅಪ್ಪಣೆಯಾಯಿತು. ಪಾತ್ರೆಗಳು ಕಿಟಕಿಯ ಕಟ್ಟೆಗೆ ಹೋದವು. ಊಟದ ಮೇಜಿನ ಸುತ್ತ ಕೂತವರು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

"ಟೇಬಲ್ ತುಂಬ ಚೆನ್ನಾಗಿದೆ ಮಾವ," ಎಂದ ಅಳಿಯ, ಮರದ ಗೆರೆಗಳನ್ನು ನೋಡಲು ಬಾಗಿ ಎಡ ಮೊಣಕೈ ಊರಿದ. ಊರಿದ್ದು ಊರಿದ ಹಾಗೇ ಉಳಿಯಿತು. ಒಮ್ಮೆ ಮೆಲ್ಲಗೆ ಎಳೆದು ನೋಡಿ, ಸುಮ್ಮನಾಗಿ, ಸೊಟ್ಟಗೆ ಕೂತೇ ಊಟ ಮುಂದುವರಿಸಿದ. ಮಗಳು ನಗು ತಡೆಯಲಾರದೆ ತಟ್ಟೆಯೊಳಗೆ ಮುಖ ಹುದುಗಿಸಿದಳು.

"ಮೊಣಕೈ ತೆಗಿ, ಗುರುತು ಬೀಳುತ್ತೆ," ಎಂದರು ಸಾಹೇಬರು.

ತೆಗೆದ. ಚರ್ ಎಂದಿತು. ಹೊಳೆಯುವ ಮೇಜಿನ ಮೇಲೆ ಬೂದು ಉಣ್ಣೆ ಪಾಚಿಯ ಹಾಗೆ ನಿಂತಿತು.

"ಸ್ವೆಟರ್ ಸರಿಯಿಲ್ಲ ಮಾವ," ಎಂದ ಅಳಿಯ. "ಅಗ್ಗದ್ದು. ನೂಲು ಬಿಡುತ್ತೆ."

ಮಾವನ ಮಾನವನ್ನೂ ಅತ್ತೆಯ ಗುಟ್ಟನ್ನೂ ಒಂದೇ ಸುಳ್ಳಿನಲ್ಲಿ ಕಾಯಲು ಹೊರಟಿದ್ದ ಪುಣ್ಯಾತ್ಮ. ಸಾಹೇಬರು ಬಾಗಿ ಅವನ ತೋಳನ್ನು ಹಿಡಿದು ಉಗುರಿನಿಂದ ಕೆರೆದರು.

"ಅದೇ ಅಂದ್ಕೊಂಡೆ. ಹೆಣಿಗೇನೇ ಸಡಿಲ. ಇಂಥದ್ದನ್ನ ಯಾರಾದ್ರೂ ಬಿಟ್ಟಿ ಕೊಟ್ರೂ ತಗೋಬಾರದು."

ಸುಮ್ಮನಿದ್ದರೆ ಊಟ ಸುಸೂತ್ರವಾಗಿ ಮುಗಿಯುತ್ತಿತ್ತು. ಹೆಂಡತಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆದರೆ ತಡೆದುಕೊಳ್ಳಲಾಗಲಿಲ್ಲ.

"ಅದನ್ನ ಹೆಣೆದವಳು ನಾನು," ಎಂದಳು. "ಹೆಣಿಗೆ ಸರಿಯಾಗಿದೆ, ಹುಡುಗನೂ ಸರಿಯಾಗಿದಾನೆ. ನಿಮ್ಮ ಟೇಬಲ್ ಒಣಗಿಲ್ಲ."

ಅಳಿಯನ ತೊಡೆಯ ಮೇಲಿದ್ದ ತಟ್ಟೆಯನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದಳು. ಮಗಳ ತಟ್ಟೆಯನ್ನೂ ಇಟ್ಟಳು. ಸಾಹೇಬರು ಬೆರಳ ತುದಿಯಿಂದ ಮೇಜು ಮುಟ್ಟಿ ನೋಡಿದರು. ಬೆರಳು ಸುಲಭಕ್ಕೆ ಬಿಡಲಿಲ್ಲ.

"ತಟ್ಟೆ ಅಂಟಿಕೊಳ್ಳುತ್ತೆ ಕಣೆ," ಎಂದರು ಸಣ್ಣ ದನಿಯಲ್ಲಿ.

"ಗೊತ್ತು," ಎಂದು ಅವಳು ಬಡಿಸಿದಳು.

ಸಾಹೇಬರು ಸ್ವೆಟರಿನ ಕಡೆ ನೋಡಿದರು. ಆಮೇಲೆ ತಮ್ಮ ತಟ್ಟೆಯನ್ನೂ ತೊಡೆಯಿಂದ ಎತ್ತಿ ಅಳಿಯನ ತಟ್ಟೆಯ ಎದುರಿಗಿಟ್ಟರು.

"ನನಗ್ಯಾಕೆ ಒಂದು ಹೆಣೀಲಿಲ್ಲ ನೀನು?"

"ಮದುವೆಯಾದ ವರ್ಷವೇ ಹೆಣೆದಿದ್ದೆ," ಎಂದಳು ಹೆಂಡತಿ. "ಸಡಿಲ ಅಂತ ನೀವೇ ಬಿಚ್ಚಿಸಿದ್ರಿ."