ಎರಡು ಕೆಂಪು ಪಾಸ್‌ಪೋರ್ಟ್

ಕುವೈತ್ ನಗರದ ಮಿರ್ಕಾಬಿನ ಆ ಟ್ರಾವೆಲ್ ಆಫೀಸಿನಲ್ಲಿ ವೀಸಾ ವಿಷಯದಲ್ಲಿ ಸಂಶಯ ಬಂದರೆ ಯಾರೂ ಕಂಪ್ಯೂಟರ್ ನೋಡುತ್ತಿರಲಿಲ್ಲ, ಫೆಲ್ಸಿಯನ್ನು ಕೇಳುತ್ತಿದ್ದರು. ಉಡುಪಿ ಕಡೆಯ ಶಿರ್ವದಿಂದ ಬಂದು ಇಪ್ಪತ್ತಾರು ವರ್ಷ ಅದೇ ಕುರ್ಚಿಯಲ್ಲಿ ಕೂತವಳು. ಯಾವ ದೇಶಕ್ಕೆ ಯಾವ ಕಾಗದ, ಯಾರಿಗೆ ಬೆರಳಚ್ಚು, ಯಾರಿಗೆ ಬೇಡ, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ಜನ ತನ್ನನ್ನೇ ಕೇಳುವುದು ಅವಳಿಗೆ ಇಷ್ಟವಾಗುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋದವಳಲ್ಲ.

ಮೇ ತಿಂಗಳಲ್ಲಿ ಚೋಂಗ್ ಬಂದಿದ್ದ. ಸಬ್ಹಾನಿನ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್, ಮಲೇಷ್ಯಾದ ಇಪೋ ಊರಿನ ಚೀನೀ ಮನೆತನದವನು. ಒಬ್ಬನೇ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿದ್ದ, ಜುಲೈಯಲ್ಲಿ ಪದವಿ ಸಮಾರಂಭ. ಗಂಡ ಹೆಂಡತಿ ಒಂದು ವಾರ ಹೋಗಿ ಬರಬೇಕಿತ್ತು. ಅವನ ಕೈಯಲ್ಲಿ ಎರಡು ಕೆಂಪು ಪಾಸ್‌ಪೋರ್ಟ್‌ಗಳಿದ್ದವು. ಫೆಲ್ಸಿ ಮೇಲಿನದನ್ನು ತೆರೆದು ನೋಡಿದಳು, ಮಲೇಷ್ಯಾ. ಕೆಳಗಿನದರ ಹೆಸರನ್ನು ಅವನೇ ಓದಿ ಹೇಳಿದ: ಸು ಪಿಂಗ್, ತನ್ನ ಹೆಂಡತಿ.

"ವೀಸಾ ಬೇಡ," ಎಂದಳು ಫೆಲ್ಸಿ. "ಆನ್‌ಲೈನ್ ಪ್ರಯಾಣ ಪರವಾನಗಿ ಸಾಕು, ಇಟಿಎ ಅಂತ. ಮೂರು ದಿನದಲ್ಲಿ ಬರ್ತದೆ. ಹೋಗುವ ಮೊದಲಿನ ವಾರ ನಾನೇ ಮಾಡ್ತೇನೆ, ಪಾಸ್‌ಪೋರ್ಟ್ ಫೋಟೊ ಆಗ ಕಳಿಸಿ."

ಟಿಕೆಟ್ ಆಯಿತು. ಚೋಂಗ್ ನಗುತ್ತ ಹೋದ.

ಜುಲೈಯ ಒಂದು ಮಂಗಳವಾರ ಬೆಳಿಗ್ಗೆ ಫೆಲ್ಸಿ ಅವರ ಅರ್ಜಿ ಹಾಕಲು ಕೂತಳು. ವಿಮಾನ ಮುಂದಿನ ಬುಧವಾರ. ಇಬ್ಬರ ಪಾಸ್‌ಪೋರ್ಟಿನ ಫೋಟೊಗಳನ್ನು ಚೋಂಗ್ ಹಿಂದಿನ ವಾರವೇ ಕಳಿಸಿದ್ದ. ಚೋಂಗನ ಪರವಾನಗಿ ಒಂದು ಗಂಟೆಯೊಳಗೆ ಬಂತು. ಸು ಪಿಂಗಳದನ್ನು ತುಂಬಲು ಫೋನಿನ ಫೋಟೊ ದೊಡ್ಡದು ಮಾಡಿದವಳ ಕೈ ಅಲ್ಲೇ ನಿಂತಿತು. ಅದು ಚೀನಾದ ಪಾಸ್‌ಪೋರ್ಟ್. ಹುಟ್ಟಿದ ಸ್ಥಳ ಫುಜಿಯಾನ್. ಇಟಿಎ ಸಿಗುವ ದೇಶಗಳ ಪಟ್ಟಿಯಲ್ಲಿ ಚೀನಾ ಇಲ್ಲ. ಅವಳಿಗೆ ಬೇಕಾದದ್ದು ಪೂರ್ತಿ ವೀಸಾ, ಅದಕ್ಕೆ ಸಾಮಾನ್ಯವಾಗಿ ಮೂರು ವಾರ.

ಪಕ್ಕದ ಮೇಜಿನ ನಶ್ರಾ ಇಣುಕಿ ನೋಡಿದಳು. ಕುವೈತಿನಲ್ಲೇ ಬೆಳೆದ ಬ್ಯಾರಿ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳು.

"ಆಂಟಿ, ರೂಲ್ಸ್ ಈಗ ಚೇಂಜ್ ಆಯ್ತು ಅಂತ ಹೇಳಿ. ಯಾರು ಚೆಕ್ ಮಾಡ್ತಾರೆ?"

"ನಾನು ಮಾಡ್ತೇನಲ್ಲ," ಎಂದು ಫೆಲ್ಸಿ ಚೀಲ ಎತ್ತಿಕೊಂಡಳು.

ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಒಬ್ಬ ತಾಯಿಗೆ ಮಗನ ದಿನ ತಪ್ಪಿಹೋಯಿತು ಎನ್ನುವುದನ್ನು ಫೋನಿನಲ್ಲಿ ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಟ್ಯಾಕ್ಸಿಯಲ್ಲಿ ಸಬ್ಹಾನಿಗೆ ಹೋಗುವ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದಳು, ಕೆಡವಿದಳು. ಹೊರಗೆ ಬಿಸಿಲು ಗೋದಾಮುಗಳ ತಗಡನ್ನು ಬೆಳ್ಳಗೆ ಕಾಯಿಸುತ್ತಿತ್ತು.

ಕಂಪನಿ ಕ್ವಾರ್ಟರ್ಸಿನ ಬಾಗಿಲು ತೆರೆದದ್ದು ಸು ಪಿಂಗ್. ಐವತ್ತು ದಾಟಿದ, ಕೂದಲು ಗಿಡ್ಡವಾಗಿ ಕತ್ತರಿಸಿದ ಹೆಂಗಸು. ಚೋಂಗ್ ಡ್ಯೂಟಿಯಲ್ಲಿದ್ದ. ಫೆಲ್ಸಿ ಕೂರಲಿಲ್ಲ, ನಿಂತೇ ಹರುಕು ಇಂಗ್ಲಿಷಿನಲ್ಲಿ ಹೇಳಿದಳು. "ತಪ್ಪು ನನ್ನದು. ಎರಡೂ ಕೆಂಪು ಅಂತ ಒಂದೇ ಅಂದುಕೊಂಡೆ, ತೆರೆದು ನೋಡಲಿಲ್ಲ. ನಿಮಗೆ ವೀಸಾ ಬೇಕಿತ್ತು."

ಸು ಪಿಂಗ್ ಒಂದು ಲೋಟ ನೀರು ತಂದು ಕೈಗಿಟ್ಟಳು. ಆಮೇಲೆ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ನಡುವಿನ ಪುಟ ಬಿಡಿಸಿ ತೋರಿಸಿದಳು. ಇಂಗ್ಲೆಂಡಿನ ವೀಸಾ ಅಲ್ಲಿ ಅಂಟಿಸಿತ್ತು. ತಾರೀಕು ಜೂನ್ ತಿಂಗಳದ್ದು.

"ನಾನೇ ಹಾಕಿದೆ," ಎಂದಳು. "ಅರ್ಜಿ, ಪತ್ರ, ಬೆರಳಚ್ಚು, ಎಲ್ಲ."

"ಗಂಡನಿಗೆ ಹೇಳಲಿಲ್ಲವಾ?"

"ಹೇಳಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಳ್ಳೆಯ ಮನುಷ್ಯ, ತನಗೆ ಸಿಕ್ಕಿದ್ದು ನನಗೂ ಸಿಕ್ಕಿತು ಅಂದುಕೊಳ್ತಾನೆ." ಅವಳು ಸಣ್ಣಗೆ ನಕ್ಕಳು. "ಮದುವೆಯಾದ ವರ್ಷ ಒಂದು ಏರ್‌ಪೋರ್ಟಿನಲ್ಲಿ ಅವನನ್ನು ಒಳಗೆ ಬಿಟ್ಟರು, ನನ್ನನ್ನು ತಡೆದರು. ಮಾರನೆಯ ದಿನ ಒಬ್ಬಳೇ ವಾಪಸ್ ಬಂದೆ. ಆವತ್ತಿನಿಂದ ಯಾರ ಮಾತನ್ನೂ ಕೇಳುವುದಿಲ್ಲ, ಓದುತ್ತೇನೆ."

ಹದಿನೈದಕ್ಕೇ ಶಾಲೆ ಬಿಟ್ಟು ಶೂ ಕಾರ್ಖಾನೆ ಸೇರಿದವಳು, ನಿಘಂಟು ಹಿಡಿದು ಇಂಗ್ಲಿಷ್ ಕಲಿತವಳು ಎಂದು ಆಮೇಲೆ ಮಾತಿನಲ್ಲಿ ಗೊತ್ತಾಯಿತು. ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ ಇತ್ತು. ಕುವೈತಿನಲ್ಲಿರುವ ಚೀನೀ ಮೂಲದ ಅಡುಗೆಯವರು, ಮೆಕ್ಯಾನಿಕ್‌ಗಳು, ದಾದಿಯರು ಅವಳಿಗೇ ಫೋನ್ ಮಾಡುತ್ತಿದ್ದರಂತೆ. ಒಂದೇ ಭಾಷೆ, ಒಂದೇ ಮುಖ, ಆದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪಾಸ್‌ಪೋರ್ಟ್. ಇಂಗ್ಲೆಂಡಿಗೆ ಹೋಗಲು ಯಾರಿಗೆ ಏನು ಬೇಕು ಎಂದು ನೋಟ್‌ಬುಕ್ಕಿನಲ್ಲಿತ್ತು: ಸಿಂಗಾಪುರದವರಿಗೆ ಇಟಿಎ. ಹಾಂಗ್‌ಕಾಂಗ್, ಮಕಾವ್ ಪಾಸ್‌ಪೋರ್ಟಿನವರಿಗೂ ಇಟಿಎ. ತೈವಾನಿನವರಿಗೆ ಇಟಿಎ, ಆದರೆ ಪಾಸ್‌ಪೋರ್ಟಿನಲ್ಲಿ ಗುರುತಿನ ಸಂಖ್ಯೆ ಅಚ್ಚಾಗಿರಬೇಕು. ಚೀನಾದವರಿಗೆ ವೀಸಾ. ಪ್ರತಿ ಸಾಲಿನ ಪಕ್ಕದಲ್ಲಿ ಅವಳು ಅದನ್ನು ಓದಿದ ತಾರೀಕು. ನಿಯಮ ಬದಲಾದ ಕಡೆ ಹಳೆಯದರ ಮೇಲೆ ಒಂದು ನೇರ ಗೆರೆ. ಫೆಲ್ಸಿ ಪುಟ ತಿರುವುತ್ತ ಕೂತುಬಿಟ್ಟಳು. ಇಪ್ಪತ್ತಾರು ವರ್ಷದಲ್ಲಿ ತಾನು ಒಂದು ಸಾಲನ್ನೂ ಹೀಗೆ ಬರೆದಿಟ್ಟಿರಲಿಲ್ಲ.

"ಗಂಡನ ಅರ್ಜಿ ಯಾವ ಪಾಸ್‌ಪೋರ್ಟಿನ ಮೇಲೆ ಹಾಕಿದಿರಿ?" ಸು ಪಿಂಗ್ ಇದ್ದಕ್ಕಿದ್ದಂತೆ ಕೇಳಿದಳು.

ಫೆಲ್ಸಿ ಫೋನ್ ತೋರಿಸಿದಳು. ಸು ಪಿಂಗ್ ನಂಬರ್ ಓದಿ ತಲೆಯಲ್ಲಾಡಿಸಿದಳು. "ಇದು ಹಳೆಯದು. ಮುಗಿಯುತ್ತ ಬಂತು ಅಂತ ಹೊಸದಕ್ಕೆ ಅರ್ಜಿ ಕೊಟ್ಟಿದ್ದ. ನಿನ್ನೆ ಎಂಬಸಿಯಿಂದ ಹೊಸದು ಸಿಕ್ಕಿತು. ಪರವಾನಗಿ ಪಾಸ್‌ಪೋರ್ಟಿಗೆ ಅಂಟಿಕೊಂಡಿರುತ್ತದೆ, ಮನುಷ್ಯನಿಗಲ್ಲ. ಇದನ್ನು ಹಿಡಿದು ಹೋದರೆ ಕೌಂಟರಿನಲ್ಲೇ ಖಲಾಸ್."

ಅಂದರೆ ವಿಮಾನ ತಪ್ಪಲಿದ್ದದ್ದು ಚೋಂಗನಿಗೆ. ಫೆಲ್ಸಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ನಗುವೂ ಬಂತು. ಇಬ್ಬರೂ ಅದೇ ಮೇಜಿನ ಮುಂದೆ ಕೂತು ಹೊಸ ಪಾಸ್‌ಪೋರ್ಟಿನ ಮೇಲೆ ಮತ್ತೆ ಅರ್ಜಿ ಹಾಕಿದರು. ಸು ಪಿಂಗ್ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿದಳು, ಫೆಲ್ಸಿ ಟೈಪ್ ಮಾಡಿದಳು. ಮಾರನೆಯ ದಿನ ಒಪ್ಪಿಗೆ ಬಂತು. ಮುಂದಿನ ಬುಧವಾರ ಗಂಡ ಹೆಂಡತಿ ಹೊರಟರು. ಮ್ಯಾಂಚೆಸ್ಟರಿನಲ್ಲಿ ಇಬ್ಬರನ್ನೂ ಸರಾಗವಾಗಿ ಬಿಟ್ಟರಂತೆ.

ಫೆಲ್ಸಿ ಅಂದು ಮಧ್ಯಾಹ್ನವೇ ಮ್ಯಾನೇಜರ್ ಜಾರ್ಜ್‌ಗೆ ನಡೆದದ್ದನ್ನೆಲ್ಲ ಹೇಳಿದ್ದಳು. ಅವನು ಕನ್ನಡಕ ಒರೆಸಿಕೊಂಡು, "ಆ ಹೆಂಗಸನ್ನು ನಮ್ಮಲ್ಲಿ ಕೆಲಸಕ್ಕೆ ಕೇಳು ಮಾರಾಯ್ತಿ," ಎಂದ. ಸು ಪಿಂಗ್ ಲೀಡ್ಸ್‌ನಿಂದ ಮರಳಿದ ಮೇಲೆ ಫೆಲ್ಸಿ ಕೇಳಿಯೂ ನೋಡಿದಳು. ತನ್ನದು ಗಂಡನ ಅವಲಂಬಿತಳೆಂದು ಸಿಕ್ಕ ವಾಸದ ಪರವಾನಗಿ, ಇಕಾಮಾ, ಅದರಲ್ಲಿ ಕೆಲಸ ಮಾಡುವಂತಿಲ್ಲ ಎಂದು ಸು ಪಿಂಗ್ ಆ ನಿಯಮವನ್ನೂ ಬಾಯಿಪಾಠದಂತೆ ಹೇಳಿದಳು. ಚಹಾಕ್ಕೆ ಬರಬಹುದಲ್ಲ ಎಂದು ಫೆಲ್ಸಿ ಕರೆದಾಗ ಮಾತ್ರ ಒಪ್ಪಿದಳು.

ಆಗಸ್ಟಿನ ಒಂದು ಗುರುವಾರ ನೋಟ್‌ಬುಕ್ ಹಿಡಿದು ಆಫೀಸಿಗೆ ಬಂದು ಎರಡು ಗಂಟೆ ಕೂತಳು. ಫೆಲ್ಸಿ ಹೊಸದಾಗಿ ತಂದ ಪುಸ್ತಕದಲ್ಲಿ ಅದರಿಂದ ಒಂದೊಂದೇ ಸಾಲು ನಕಲು ಮಾಡಿಕೊಂಡಳು, ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದಳು.

"ಇವರು ಯಾರು ಆಂಟಿ?" ಎಂದು ನಶ್ರಾ ಮೆಲ್ಲಗೆ ಕೇಳಿದಳು.

"ನಂಗೆ ಕಲಿಸುವವರು," ಎಂದಳು ಫೆಲ್ಸಿ. "ನಿನ್ನ ಕುರ್ಚಿಯನ್ನೂ ಹತ್ತಿರ ಎಳ್ಕೋ."