ನೆಲದ ಮೊಟ್ಟೆ

ಒಂಬತ್ತು! ಸೊಸೆ ಇನ್ನೊಂದು ಸಲ ಎಣಿಸಿದಳು. ಶೆಡ್ಡಿನ ನಾಲ್ಕೂ ಮೂಲೆ, ನೀರಿನ ಪೈಪಿನ ಅಡಿ, ಕೋಳಿ ಹತ್ತುವ ಏಣಿಯ ಹಿಂದೆ, ಎಲ್ಲೆಲ್ಲಿ ಹೊಟ್ಟು ಕೆದಕಿದರೂ ನೆಲದಲ್ಲಿ ಬಿದ್ದಿದ್ದದ್ದು ಒಂಬತ್ತೇ ಮೊಟ್ಟೆ. ಒಂದೂವರೆ ತಿಂಗಳ ಹಿಂದೆ ಇದೇ ನೆಲದಲ್ಲಿ ದಿನಕ್ಕೆ ನೂರರ ಮೇಲೆ ಸಿಗುತ್ತಿದ್ದವು. ಅವಳಿಗೆ ಕುಣಿಯಬೇಕೆನಿಸಿತು. ಆರುನೂರು ಕೋಳಿಗಳ ಮುಂದೆ ಕುಣಿದರೆ ಮರ್ಯಾದೆಯೇನೂ ಹೋಗುವುದಿಲ್ಲವೆಂದು ಎರಡು ಹೆಜ್ಜೆ ಕುಣಿದೇಬಿಟ್ಟಳು.

ಕುಣಿಯದೆ ಇನ್ನೇನು? ನಾಳೆ ಬೆಳಿಗ್ಗೆ ಮೊಟ್ಟೆಗಳ ಎರಡನೆಯ ಪರೀಕ್ಷೆ. ಪಾಸಾದರೆ ಕೋಳಿಗಳು ಹೀಗೇ ಓಡಾಡಿಕೊಂಡಿರುತ್ತವೆ. ಫೇಲಾದರೆ ಶೆಡ್ಡಿನ ಹಿಂದೆ ಪೇರಿಸಿಟ್ಟಿರುವ ತಂತಿಯ ಪಂಜರಗಳು ಮತ್ತೆ ಒಳಗೆ ಬರುತ್ತವೆ. ಇದು ಮಾವನ ಮಾತು. ಮಾವನ ಮಾತೆಂದರೆ ಆ ಮನೆಯಲ್ಲಿ ಶಿಲಾಶಾಸನ.

ಪಂಜರ ತೆಗೆಸಿದವಳು ಸೊಸೆಯೇ. ಬೇಕರಿಯ ಒಡತಿ, ಎಲ್ಲರ ಬಾಯಲ್ಲಿ ಕೇಕಕ್ಕ, ಒಂದು ದಿನ ಬಂದು, "ಬಿಟ್ಟು ಸಾಕಿದ ಕೋಳಿ ಮೊಟ್ಟೆ ಕೊಡ್ತೀರಾದ್ರೆ ಅಷ್ಟೂ ನಾನೇ ತಗೊಳ್ತೀನಿ. ಆದ್ರೆ ನನ್ನ ಕ್ರೀಮಿಗೆ ಮೊಟ್ಟೆ ಹಸೀದೇ ಹಾಕ್ತೀನಿ, ಬೇಯಿಸಲ್ಲ. ಪರೀಕ್ಷೆ ಪಾಸಾಗಿರಬೇಕು" ಎಂದಿದ್ದಳು. ಸೊಸೆ ಹಿಂದುಮುಂದು ನೋಡದೆ ಹೂಂ ಅಂದಳು. ಮಾವ ಮೂವತ್ತು ವರ್ಷ ಪಂಜರದಲ್ಲೇ ಕೋಳಿ ಸಾಕಿದವರು; ಗೊಣಗಿದರು, ಒಪ್ಪಿದರು. ಮೊದಲ ಪರೀಕ್ಷೆಯಲ್ಲಿ ಚಿಪ್ಪಿನ ಮೇಲೆ ರೋಗಾಣು ಮಿತಿಮೀರಿತ್ತು. "ನಾನು ಹೇಳಲಿಲ್ವಾ?" ಎಂದು ಮಾವ ಒಂದು ವಾರ ಹೇಳಿದರು. ಹೇಳಿದ್ದನ್ನೇ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಸೊಸೆ ಸೋಲೊಪ್ಪುವ ಪೈಕಿಯವಳಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಮೂರು ದಿನ ಬೆಳಬೆಳಿಗ್ಗೆ ಕೂತು ನೋಡಿದಳು. ಗೋಡೆಗುಂಟ ಮೊಟ್ಟೆಯಿಡುವ ಗೂಡುಗಳು, ಅವಕ್ಕೆ ಪರದೆ. ಕೋಳಿಗಳು ಒಳಗೆ ಹೋಗಿ, ಸುತ್ತು ಹಾಕಿ, ಮೈ ಹರಡಿ ಇನ್ನೇನು ಕೂತವು ಅನ್ನುವಷ್ಟರಲ್ಲಿ, ಏಳಕ್ಕೆ ಸರಿಯಾಗಿ ಮಾವ ಫೀಡಿನ ಗಾಡಿ ತಳ್ಳಿಕೊಂಡು ಬಂದು, ಡಬ್ಬ ಬಡಿದು, "ಬನ್ರೋ, ಬನ್ರೋ" ಎನ್ನುತ್ತಿದ್ದರು. ಅಷ್ಟೇ! ಪರದೆ ಹಾರಿಸಿಕೊಂಡು ಎಲ್ಲವೂ ಹೊರಗೆ. ಬರುವ ಮೊಟ್ಟೆ ಕೇಳಬೇಕಲ್ಲ? ತಿನ್ನುವ ಜಾಗದಲ್ಲೇ, ಹಿಕ್ಕೆಯ ಮೇಲೇ ಬೀಳುತ್ತಿತ್ತು. ಪಂಜರದಲ್ಲಾದರೆ ಮೊಟ್ಟೆ ತಂತಿಯ ಇಳಿಜಾರಿನಲ್ಲಿ ಉರುಳಿ ತಾನೇ ಹೊರಗೆ ಬರುತ್ತದೆ, ಫೀಡು ಯಾವಾಗ ಹಾಕಿದರೂ ನಡೆಯುತ್ತದೆ. ಪಂಜರ ಹೋದರೂ ಮಾವನ ಏಳು ಗಂಟೆ ಹೋಗಿರಲಿಲ್ಲ.

ಇದನ್ನು ಅವರಿಗೆ ಹೇಳುವವರಾರು? ಗಂಡನನ್ನು ಕೇಳಿದರೆ ಅವನು ವ್ಯಾನಿನ ಚಕ್ರ ನೋಡುವ ನೆಪದಲ್ಲಿ ಜಾರಿಕೊಂಡ. ಕೊನೆಗೆ ಅವಳೇ ಬಾಯಿಬಿಟ್ಟಳು.

"ಮಾವ, ಫೀಡು ಹತ್ತು ಗಂಟೆಗೆ ಹಾಕಿದ್ರೆ ಹೇಗೆ? ಎಲ್ಲಾ ಮೊಟ್ಟೆ ಇಟ್ಟಾದ್ಮೇಲೆ?"

"ಅಜ್ಜಿಗೇ ಕೆಮ್ಮು ಕಲಿಸ್ತೀಯೇನಮ್ಮಾ?"

ಹಾಗೆಂದವರು ಮರುದಿನ ಏಳಕ್ಕೆ ಡಬ್ಬ ಬಡಿಯಲಿಲ್ಲ. ಎಂಟಕ್ಕೂ ಇಲ್ಲ. ಕೈಗಡಿಯಾರ ನೋಡುತ್ತ ಅಂಗಳದಲ್ಲಿ ಶತಪಥ ಹಾಕಿದರು. ನೆಲದ ಮೊಟ್ಟೆ ನೂರರಿಂದ ಅರವತ್ತಕ್ಕಿಳಿಯಿತು, ಇಪ್ಪತ್ತಕ್ಕಿಳಿಯಿತು, ಇವತ್ತು ಒಂಬತ್ತು! ಆದರೂ ಮಾವ ತುಟಿ ಪಿಟಕ್ಕೆನ್ನಲಿಲ್ಲ. ಗೆದ್ದರೂ ಗೆದ್ದೆ ಅನ್ನುವಂತಿಲ್ಲದ ಗೆಲುವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದು ಎಷ್ಟು ಕಷ್ಟವೆಂದು ಸೊಸೆಯನ್ನೇ ಕೇಳಬೇಕು. ಆ ಒಂಬತ್ತನ್ನು ಬೇರೆ ಬುಟ್ಟಿಗೆ ಹಾಕಿ, ಗೂಡಿನ ಮೊಟ್ಟೆಗಳನ್ನು ಹದಿನೈದು ಟ್ರೇಗಳಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಹೊದಿಸಿಟ್ಟಳು.

ಮರುದಿನ ಎಂಟಕ್ಕೆ ಪರೀಕ್ಷೆಯ ಮೇಡಂ ಬಂದಿಳಿದರು. ದಪ್ಪ ಕನ್ನಡಕದವರು, ಕೋಳಿ ಸಾಕುವವರೆಲ್ಲ ಅವರನ್ನು ಭೂತಗನ್ನಡಿ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಶೂಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಕೈಗವಸು ತೊಟ್ಟು ಮೊಟ್ಟೆಕೋಣೆಗೆ ಬಂದರು. ಸೊಸೆ ಟ್ರೇಗಳ ಮೇಲಿನ ಬಟ್ಟೆ ತೆಗೆದಳು.

ಫಳಫಳ!

"ಅಬ್ಬಾ, ಏನು ಹೊಳಪು!" ಎಂದರು ಭೂತಗನ್ನಡಿ.

ಗೂಡಿನಿಂದ ತೆಗೆದ ಮೊಟ್ಟೆ ಹೀಗೆ ಹೊಳೆಯುವುದಿಲ್ಲ. ಸೊಸೆ ಹೆಬ್ಬೆರಳಿನಿಂದ ಸವರಿದಳು, ಗಾಜಿನ ಗೋಲಿಯಷ್ಟು ನುಣುಪು. ಬುಟ್ಟಿಯತ್ತ ತಿರುಗಿದಳು, ಖಾಲಿ. ಬಾಗಿಲಲ್ಲಿ ಮಾವ ಎದೆ ಉಬ್ಬಿಸಿ ನಿಂತಿದ್ದರು. ಅವರ ಬೆರಳುಗಳು ನೀರಲ್ಲಿ ನೆನೆದು ಸುಕ್ಕಾಗಿದ್ದವು.

"ನೆಂಟರು ಬರೋವಾಗ ಮನೆ ಗುಡಿಸಲ್ವೇನಮ್ಮಾ?" ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದರು. "ಬೆಳಿಗ್ಗೇನೇ ಎದ್ದು ಎಲ್ಲಾನೂ ತಣ್ಣೀರಲ್ಲಿ ತೊಳೆದು ಒರೆಸಿದೀನಿ. ಆ ಒಂಬತ್ತನ್ನೂ ಸೇರಿಸಿಬಿಟ್ಟೆ. ಈ ಸಲ ನೀನು ಗೆಲ್ಲಲೇಬೇಕು."

ನೀನು ಗೆಲ್ಲಲೇಬೇಕು! ಈ ಮಾತು ಕೇಳುವುದಕ್ಕೆ ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಬಂದದ್ದು ಎಂಥ ಹೊತ್ತಿನಲ್ಲಿ! ಮೊಟ್ಟೆಯ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದಿರುತ್ತದೆ. ಚಿಪ್ಪಿನ ಸಾವಿರಾರು ಸಣ್ಣ ತೂತುಗಳಿಗೆ ಅದೇ ಮುಚ್ಚಳ. ತೊಳೆದರೆ ಅದು ಹೋಗುತ್ತದೆ. ತಣ್ಣೀರು ತಾಗಿದರೆ ಮೊಟ್ಟೆ ಒಳಗೊಳಗೇ ಕುಗ್ಗಿ ಹೊರಗಿನ ಕೊಳೆಯನ್ನು ಎಳೆದುಕೊಳ್ಳುತ್ತದೆ. ಇವತ್ತಿನ ಪರೀಕ್ಷೆ ಚಿಪ್ಪಿನದು ಮಾತ್ರ. ಬಾಯಿ ಮುಚ್ಚಿಕೊಂಡಿದ್ದರೆ ಪಾಸಾದರೂ ಆದೀತು. ಆಮೇಲೆ ಒಳಗೆ ಸೇರಿದ ಕೊಳೆ ಕೇಕಕ್ಕನ ಕ್ರೀಮಿನಲ್ಲಿ ಯಾರ ಮಗುವಿನ ಬಾಯಿಗೆ ಹೋಗುತ್ತದೋ! ಸೊಸೆ ಬಟ್ಟೆಯನ್ನು ಮತ್ತೆ ಟ್ರೇಗಳ ಮೇಲೆ ಎಳೆದಳು.

"ಮೇಡಂ, ಇವನ್ನ ತಗೋಬೇಡಿ. ತೊಳೆದಿರೋ ಮೊಟ್ಟೆ. ನೆಲದ ಮೊಟ್ಟೇನೂ ಬೆರೆತಿದೆ."

"ಯಾರು ತೊಳೆದಿದ್ದು?"

ಮಾವನ ಎದೆ ಗಾಳಿ ಹೋದ ಟೈರಿನ ಹಾಗೆ ಇಳಿಯಿತು.

"ನಾವೇ. ತಿಳೀದೆ ಆಯ್ತು" ಎಂದಳು ಸೊಸೆ.

ಭೂತಗನ್ನಡಿ ಕೈಗವಸು ಕಳಚಿದರು. "ತೊಳೆದಿದ್ದನ್ನ ನಾನು ತಗೊಳ್ಳೋ ಹಾಗಿಲ್ಲ. ನಿಮ್ಮ ಮುಂದಿನ ಸರದಿ ಎರಡು ತಿಂಗಳಿಗೆ." ಎರಡು ತಿಂಗಳು ಕೇಕಕ್ಕ ಕಾಯುವವಳಲ್ಲ. ಎಲ್ಲ ಮುಗಿಯಿತು ಎಂದುಕೊಂಡಳು ಸೊಸೆ.

"ನಿಂತ್ಕೊಳ್ಳಿ ಮೇಡಂ!" ಗುಡುಗಿದವರು ಮಾವ. "ಈಗಿನ್ನೂ ಎಂಟೂಕಾಲು. ನಮ್ಮ ಕೋಳಿಗಳು ಗೂಡಲ್ಲಿ ಕೂತಿರೋ ಹೊತ್ತು. ಹತ್ತರ ತನಕ ನಾವು ಒಂದು ಕಾಳೂ ಹಾಕಲ್ಲ, ಹಾಕಬಾರದು. ಒಳಗೆ ಬನ್ನಿ, ಬಿಸಿಬಿಸಿ ಮೊಟ್ಟೆ ನಿಮ್ಮ ಕೈಯಾರೆ ತಗೊಳ್ಳಿ."

ಹಾಕಬಾರದಂತೆ! ಹುಟ್ಟಿದಾಗಿನಿಂದ ಗೊತ್ತಿದ್ದವರ ಹಾಗೆ! ಅಂಥ ಸಂಕಟದಲ್ಲೂ ಸೊಸೆಗೆ ನಗು ಬಂತು.

ಭೂತಗನ್ನಡಿ ಕ್ಷಣ ಯೋಚಿಸಿ, ಹೊಸ ಕೈಗವಸು ತೊಟ್ಟರು. ಮೂವರೂ ಕಳ್ಳರ ಹಾಗೆ ತುದಿಗಾಲಲ್ಲಿ ಶೆಡ್ಡಿಗೆ ನುಸುಳಿದರು. ಗಂಡ ಹೊರಗೆ ಕೆಮ್ಮಿದ್ದಕ್ಕೆ ಮಾವ ಬೆರಳೆತ್ತಿ ಗದರಿಸಿದರು. ಮೊದಲ ಗೂಡಿನ ಪರದೆ ಅಲ್ಲಾಡಿತು. ಕಂದು ಕೋಳಿಯೊಂದು ಗರಿ ಕೆದರಿ ಎದ್ದು, ಲೋಕಕ್ಕೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದು ಸಾರಿ ಹೊರಬಿತ್ತು. ಒಳಗೆ ಒಂದೇ ಒಂದು ಮೊಟ್ಟೆ. ಒದ್ದೆ ಮೈ ನೋಡನೋಡುತ್ತಲೇ ಆರಿ ಮಂಕಾಯಿತು.

"ನೋಡಿ, ಪೊರೆ ಆರಿದ್ದು!" ಭೂತಗನ್ನಡಿ ಪಿಸುಗುಟ್ಟಿದರು. "ಪಂಜರದಲ್ಲೂ ಕೊಳೆ ಇರುತ್ತೆ, ಇಲ್ಲೂ ಇರುತ್ತೆ. ಮೊಟ್ಟೆ ಮೊದಲು ಎಲ್ಲಿ ಬೀಳುತ್ತೆ ಅನ್ನೋದನ್ನ ನೋಡ್ಕೋಬೇಕು." ಗೂಡಿನಿಂದ ಗೂಡಿಗೆ ಹೋಗಿ ಒಂದೊಂದೇ ಎತ್ತಿ ಚೀಲಕ್ಕೆ ಹಾಕಿದರು. ಮೂವತ್ತನೆಯದನ್ನು ಎತ್ತುವವರೆಗೂ ಮಾವ ಉಸಿರಾಡಿದರೋ ಇಲ್ಲವೋ ಹೇಳುವುದು ಕಷ್ಟ.

ಫಲಿತಾಂಶಕ್ಕೆ ಐದು ದಿನ. ಅಷ್ಟು ದಿನವೂ ಶೆಡ್ಡಿನ ಹಿಂದೆ ಹೋಗಿ ಆ ಪಂಜರಗಳ ಮುಖ ನೋಡುವ ಧೈರ್ಯ ಸೊಸೆಗೆ ಬರಲಿಲ್ಲ. ಆರನೆಯ ದಿನ ಫೋನು ಬಂತು. ಪಾಸ್! ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು, ಮಾವನನ್ನು ಹುಡುಕಿಕೊಂಡು ಓಡಿದಳು.

ಶೆಡ್ಡಿನ ಹಿಂದೆ ಪಂಜರಗಳಿರಲಿಲ್ಲ. ಖಾಲಿ ನೆಲದಲ್ಲಿ ತುಕ್ಕಿನ ಗೆರೆಗಳು, ಪೊರಕೆ ಹಿಡಿದ ಮಾವ.

"ಮಾವ, ಪಾಸಾಯ್ತು! ಪಂಜರ ಎಲ್ಲಿ?"

"ಗುಜರಿಯವನು ತಗೊಂಡ್ಹೋದ."

"ಯಾವಾಗ?"

"ಆ ಮೇಡಂ ಬಂದಿದ್ರಲ್ಲ, ಅವತ್ತೇ ಮಧ್ಯಾಹ್ನ."

"ಅಯ್ಯೋ, ಫೇಲಾಗಿದ್ರೆ?"

"ಫೇಲಾಗಿದ್ರೆ ಇಬ್ರೂ ಸೇರಿ ಇನ್ನೊಂದು ತಪ್ಪು ಹುಡುಕ್ತಿದ್ವಿ." ಮಾವ ಗುಡಿಸುವುದನ್ನು ನಿಲ್ಲಿಸಲಿಲ್ಲ. "ಅಲ್ಲೇ ನಿಲ್ಲು ಮಗಳೇ, ಬರಿಗಾಲಲ್ಲಿ ಬರಬೇಡ. ತಂತಿ ಚೂರು ಇನ್ನೂ ಬಿದ್ದಿದೆ."