ಉಪ್ಪಿಲ್ಲದ ಲೋಟ

ಚಾಕುವನ್ನು ಬೀಜಕ್ಕೆ ಕಚ್ಚಿಸಿ ತಿರುವಿದ್ದೇ ತಡ, ಬೀಜ ಜಾರಿ ಸಿಂಕಿಗೆ ಬಿತ್ತು. ವಿಡಿಯೋದಲ್ಲಿ ಹೀಗಾಗಿರಲಿಲ್ಲ.

"ಕೈ ಕುಯ್ಕೊಂಡ್ರಾ?" ವಚನಾ ಕೇಳಿದಳು. ತಿರುಗಿ ನೋಡಲಿಲ್ಲ.

"ಇಲ್ಲ."

ಚನ್ನವೀರೇಶ ಬೆಣ್ಣೆಹಣ್ಣಿನ ತಿರುಳನ್ನು ಚಮಚದಲ್ಲಿ ಕೆರೆದು ಮಿಕ್ಸಿ ಜಾರಿಗೆ ಹಾಕಿದ. ಬೆಳಿಗ್ಗೆ ಅಮ್ಮ ಇದೇ ಜಾರಿನಲ್ಲಿ ಕಾಯಿಚಟ್ನಿ ರುಬ್ಬಿದ್ದಳು. ನಿಂಬೆಸಿಪ್ಪೆ ಹಾಕಿ ತಿಕ್ಕಿದರೂ ಇಂಗಿನ ವಾಸನೆ ಬಿಟ್ಟಿರಲಿಲ್ಲ. ಲಿಂಗಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದ ಅಮ್ಮ ಈಗ ಮಠದ ಪ್ರವಚನದಲ್ಲಿದ್ದಳು. ಕತ್ತಲಾಗುವವರೆಗೆ ಬರುವುದಿಲ್ಲ.

ಬಸವೇಶ್ವರನಗರದ ಈ ಮನೆಗೆ ಮದ್ಯ ಕಾಲಿಟ್ಟದ್ದು ಇದೇ ಮೊದಲು. ಟಕೀಲಾದ ಬಾಟಲಿ ವಾರವಿಡೀ ಪುಸ್ತಕದ ಬೀರುವಿನಲ್ಲಿ ಸಾಕ್ಷ್ಯಶಾಸ್ತ್ರದ ದಪ್ಪ ಸಂಪುಟಗಳ ಹಿಂದೆ ಅಡಗಿ ಕೂತಿತ್ತು. ಅವನು ನಾಗರಬಾವಿಯ ಕಾನೂನು ಕಾಲೇಜೊಂದರಲ್ಲಿ ಕಲಿಸುತ್ತಿದ್ದುದೂ ಅದನ್ನೇ.

ಅವನಿಗೆ ಕುಡಿತದ ಚಟವೇನೂ ಇರಲಿಲ್ಲ. ಹೆಂಡತಿ ವಚನಾಳಿಗೆ ಮೊದಲ ಗುಟುಕು ತಾನೇ ಕುಡಿಸಬೇಕೆಂಬುದು ಮಾತ್ರ ಬಹುದಿನದ ಆಸೆ. ತಾನು ಹಳೇ ಕಾಲದ ಗಂಡನಲ್ಲ, ಹೆಂಡತಿಯನ್ನು ಕಾವಲು ಕಾಯುವವನಲ್ಲ ಎಂದು ಯಾರಿಗಾದರೂ ತೋರಿಸಬೇಕಿತ್ತು. ಯಾರಿಗಾದರೂ ಎಂದರೆ ಇವತ್ತು ಮನೆಗೆ ಕರೆದಿದ್ದ ಜೀವನನಿಗೆ. ಹಾಸ್ಟೆಲ್ಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಮಾಗಡಿ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಹೋದ ವರ್ಷ ಈ ಅಡುಗೆಮನೆಯ ನೆಲ ಹಾಕಿಸಿಕೊಟ್ಟವನೂ ಅವನೇ. ಆಗ ಚನ್ನವೀರೇಶನಿಗೆ ಮೌಲ್ಯಮಾಪನದ ಗಡಿಬಿಡಿ. ಟೈಲ್ಸ್ ಆರಿಸಲು ವಚನಾ ಒಬ್ಬಳೇ ಅಂಗಡಿಗೆ ಹೋಗಿಬರುತ್ತಿದ್ದಳು. ಆರಿಸುವುದು ಬಹಳ ದಿನ ನಡೆಯಿತು.

ಇದೇ ಪಾನೀಯ ಯಾಕೆಂದರೆ ನೋಡಿದವರಿಗೆ ಇದು ಬೆಣ್ಣೆಹಣ್ಣಿನ ಜ್ಯೂಸಿನಂತೆಯೇ ಕಾಣುತ್ತದೆ. ಧೈರ್ಯವೂ ಬೇಕು, ಮರ್ಯಾದೆಯೂ ಉಳಿಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಟಕೀಲಾ, ಕಿತ್ತಳೆಯ ಲಿಕರು, ನಿಂಬೆರಸ, ಐಸು ಎಲ್ಲ ಬಿದ್ದ ಮೇಲೆ ಮಿಕ್ಸಿ ಗೊರಗೊರ ಸದ್ದು ಮಾಡಿ ಆಮೇಲೆ ನುಣ್ಣಗೆ ತಿರುಗತೊಡಗಿತು. ಲೋಟದ ಅಂಚಿಗೆ ಹಚ್ಚಲೆಂದು ಅವನು ತಟ್ಟೆಗೆ ಉಪ್ಪಿನ ಪುಡಿ ಸುರಿದ.

"ಪುಡಿ ಬೇಡ," ಎಂದಳು ವಚನಾ. "ಕರಗಿಹೋಗುತ್ತೆ. ಕಲ್ಲುಪ್ಪು ಕುಟ್ಟಿ ಹಾಕ್ಬೇಕು."

"ನಿಂಗೆ ಹೇಗೆ ಗೊತ್ತು?"

"ಎಲ್ಲೋ ನೋಡಿದ್ದೆ."

ಅವಳು ಅಮ್ಮನ ಭರಣಿಯಿಂದ ಕಲ್ಲುಪ್ಪು ತೆಗೆದು ತರಿತರಿಯಾಗಿ ಕುಟ್ಟಿದಳು. ಮದುವೆಯ ಉಡುಗೊರೆಯಾಗಿ ಬಂದ ಗಾಜಿನ ಲೋಟಗಳಲ್ಲಿ ಒಡೆಯದೆ ಉಳಿದಿದ್ದವು ಮೂರೇ. ಒಂದನ್ನೆತ್ತಿ ಅಂಚಿಗೆ ನಿಂಬೆಹೋಳು ಸವರಿ, ತಟ್ಟೆಯ ಮೇಲೆ ಬೋರಲು ಹಾಕಿ ಮಣಿಕಟ್ಟಿನಿಂದ ಅರ್ಧ ಸುತ್ತು ತಿರುಗಿಸಿ ಎತ್ತಿದಳು. ಉಪ್ಪು ಅಂಚಿನ ಸುತ್ತ ಒಂದೇ ಸಮನೆ ಕೂತಿತ್ತು. ಹೊಸಬರ ಕೈಯಲ್ಲ ಅದು. ಎರಡನೆಯದಕ್ಕೂ ಹಾಗೇ ಮಾಡಿದಳು. ಮೂರನೆಯದನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟಳು.

"ಅದಕ್ಕೆ?"

"ಅದು ಹಾಗೇ ಇರ್ಲಿ."

"ಯಾರಿಗೆ ಅದು?"

ಅವಳು ಮಿಕ್ಸಿಯ ಮುಚ್ಚಳ ತೆಗೆದಳು. "ಗಟ್ಟಿಯಾಯ್ತು ನೋಡಿ. ಸ್ವಲ್ಪ ನೀರು ಹಾಕ್ಲಾ?"

ಕಾಲಿಂಗ್ ಬೆಲ್ ಸದ್ದು ಮಾಡಿತು.

ಜೀವನ್ ಸೋಫಾದಲ್ಲಿ ಕೂತು ಕಾಲು ಚಾಚಿದ. "ಏನ್ ಗುರು, ಮೇಷ್ಟ್ರು ಕೆಟ್ಟೋದ್ರಾ?" ಎಂದು ನಕ್ಕ. ವಚನಾಳಿಗೆ "ನಮಸ್ಕಾರ" ಎಂದ. ಇಷ್ಟು ವರ್ಷದಲ್ಲಿ ಅವಳಿಗೆ ಅವನು ನಮಸ್ಕಾರ ಹೇಳಿದ್ದು ಚನ್ನವೀರೇಶನಿಗೆ ನೆನಪಿರಲಿಲ್ಲ.

"ಟ್ರೇ ನಾನೇ ತರ್ತೀನಿ," ಎಂದ ಚನ್ನವೀರೇಶ.

ಅಡುಗೆಮನೆಯಲ್ಲಿ ಅವನು ಟ್ರೇಯನ್ನು ತಿರುಗಿಸಿಕೊಂಡ. ಉಪ್ಪಿನ ಲೋಟಗಳೆರಡು ಮುಂದೆ, ಉಪ್ಪಿಲ್ಲದ್ದು ತನ್ನ ಎದೆಯ ಕಡೆಗೆ. ಮಾಡುತ್ತಿರುವುದು ನಾಚಿಕೆಗೇಡಿನ ಕೆಲಸವೆಂದು ಗೊತ್ತಿತ್ತು. ಒಂದೇ ಸಾಕ್ಷ್ಯವನ್ನು ನಂಬಿ ತೀರ್ಪು ಕೊಡಬಾರದೆಂದು ನಿನ್ನೆಯಷ್ಟೇ ಹುಡುಗರಿಗೆ ಹೇಳಿದ್ದ. ಆದರೂ ಟ್ರೇ ಎತ್ತಿಕೊಂಡು ಹೊರಗೆ ಬಂದ.

ಜೀವನ್ ಏನೋ ಮಾತಾಡುತ್ತಲೇ ಕೈ ಚಾಚಿದ. ಆ ಕೈ ಮುಂದಿದ್ದ ಎರಡೂ ಲೋಟಗಳನ್ನು ದಾಟಿ ಬಂದು ಹಿಂದಿನದನ್ನು ಎತ್ತಿಕೊಂಡಿತು.

"ಉಪ್ಪು ಬೇಡ್ವೇನೋ?"

"ಬಿಪಿ ಕಣೋ. ಡಾಕ್ಟ್ರು ಬೈತಾರೆ."

"ಯಾವಾಗಿಂದ?"

"ಆಯ್ತಲ್ಲ, ಒಂದ್ ವರ್ಷ. ಹೇಳಿದ್ನಲ್ಲ."

"ನಂಗೆ ಹೇಳಿಲ್ಲ."

ವಚನಾ ಸೀರೆಯ ಮೇಲೆ ಬೀಳದಿದ್ದ ಉಪ್ಪನ್ನು ಕೊಡವಿಕೊಂಡಳು. ಚನ್ನವೀರೇಶ ಟ್ರೇಯನ್ನು ಟೀಪಾಯಿಯ ಮೇಲಿಟ್ಟು ಕೂತುಬಿಟ್ಟ. ಮೋಸ. ಇಷ್ಟು ಸಣ್ಣ ಪದ. ವಿಚಿತ್ರವೆಂದರೆ ಅವನನ್ನು ಮೊದಲು ಚುಚ್ಚಿದ್ದು, ಅವಳ ಮೊದಲ ಗುಟುಕು ತನ್ನ ಕೈಯಿಂದಲ್ಲ ಎಂಬುದು. ಉಳಿದದ್ದೆಲ್ಲ ಅದರ ಹಿಂದೆ ಸಾಲುಗಟ್ಟಿ ಬಂತು.

"ಚೆನ್ನಾಗಿದೆ," ಎಂದ ಜೀವನ್.

"ಹುಳಿ ಸ್ವಲ್ಪ ಕಮ್ಮಿ ಆಯ್ತೇನೋ," ಎಂದಳು ವಚನಾ. ಅವಳ ಲೋಟ ಆಗಲೇ ಅರ್ಧವಾಗಿತ್ತು.

ಕೇಳಬೇಕು ಅಂದುಕೊಂಡ. ಈಗಲೇ, ಇಬ್ಬರ ಎದುರಿಗೇ. ಪ್ರಶ್ನೆ ನಾಲಗೆಯ ಮೇಲಿತ್ತು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

"ಸ್ವಾಮಿಗಳಿಗೆ ಹುಷಾರಿಲ್ವಂತೆ, ಪ್ರವಚನಾನೇ ಇಲ್ಲ," ಎನ್ನುತ್ತಾ ಅಮ್ಮ ಒಳಗೆ ಬಂದಳು. "ಯಾರು, ಜೀವನ್ನಾ? ಏನಪ್ಪಾ, ಈ ಮನೆ ದಾರಿ ಮರ್ತೇಹೋಗಿತ್ತಾ?" ಆಮೇಲೆ ಅವಳ ಕಣ್ಣು ಲೋಟಗಳ ಮೇಲೆ ಬಿತ್ತು. "ಏನದು ಹಸಿರು?"

"ಬೆಣ್ಣೆಹಣ್ಣಿನ ಜ್ಯೂಸು ಅತ್ತೆ," ಎಂದಳು ವಚನಾ.

ದನಿ ಒಂಚೂರೂ ಅಲುಗಲಿಲ್ಲ. ಆ ದನಿಯನ್ನು ಚನ್ನವೀರೇಶ ಬಲ್ಲ. 'ಆಫೀಸಲ್ಲಿ ಆಡಿಟ್ ಇತ್ತು ರೀ, ಲೇಟಾಯ್ತು' ಎಂದು ಚಪ್ಪಲಿ ಬಿಡುತ್ತಾ ಹೇಳುತ್ತಿದ್ದ ದನಿಯೂ ಇದೇ.

"ನಂಗೂ ಒಂದ್ ಗುಟುಕು ಕೊಡೇ."

"ಸಕ್ಕರೆ ಜಾಸ್ತಿ ಬಿದ್ದಿದೆ. ನಿಮಗೆ ಶುಗರ್ ಅಲ್ವಾ?"

ಅಮ್ಮ ಮಗನ ಕಡೆ ತಿರುಗಿದಳು. "ಹೌದೇನೋ ಚನ್ನು?"

ಈಗ ಹೇಳಬಹುದಿತ್ತು. ಇಲ್ಲಮ್ಮ, ಇವರು ಸುಳ್ಳು ಹೇಳ್ತಿದ್ದಾರೆ ಎಂದರೆ ಸಾಕಿತ್ತು. ಅವನ ಜೀವನದಲ್ಲಿ ಅಷ್ಟು ಸುಲಭದ ನಿಜ ಇನ್ನೊಂದಿರಲಿಲ್ಲ. ಜೀವನ್ ನೆಲದ ಟೈಲ್ಸ್ ನೋಡುತ್ತಿದ್ದ.

"ಹೌದಮ್ಮ," ಎಂದ ಚನ್ನವೀರೇಶ. "ಬರೀ ಜ್ಯೂಸು."

ಜೀವನ್ ಮತ್ತು ವಚನಾ ಒಟ್ಟಿಗೆ ಉಸಿರು ಬಿಟ್ಟರು. ಅದು ಅವನಿಗೆ ಕೇಳಿಸಿತು. ವಚನಾ ಅವನನ್ನು ನೋಡಿ ಮುಗುಳ್ನಕ್ಕಳು, ಉಪಕಾರ ಮಾಡಿದವರನ್ನು ನೋಡಿ ನಗುವ ಹಾಗೆ.

"ಊಟ ಮಾಡ್ಕೊಂಡೇ ಹೋಗಪ್ಪ," ಎಂದಳು ಅಮ್ಮ. "ಈ ಮನೆ ಉಪ್ಪು ತಿಂದವನಲ್ವಾ ನೀನು!"

"ಇನ್ನೊಂದ್ಸಲ ಬರ್ತೀನಮ್ಮ." ಜೀವನ್ ಲೋಟ ಖಾಲಿ ಮಾಡಿ ಎದ್ದ. ಬೈಕಿನ ಸದ್ದು ಬೀದಿಯ ಕೊನೆಯವರೆಗೆ ಕೇಳಿಸಿತು.

ಅಡುಗೆಮನೆಯಲ್ಲಿ ಅಮ್ಮ ಗೊಣಗುತ್ತಿದ್ದಳು. "ಉಪ್ಪಿನ ಭರಣಿ ತೆರೆದೇ ಬಿಟ್ಟಿದೀರಲ್ಲ. ನೀರೊಡೆಯುತ್ತೆ ಅಂತ ಗೊತ್ತಾಗಲ್ವಾ?"

ವಚನಾ ಎಲ್ಲಕ್ಕಿಂತ ಮೊದಲು ಉಪ್ಪಿಲ್ಲದ ಲೋಟವನ್ನೇ ತೊಳೆದು, ಒರೆಸಿ, ಗಾಜಿನ ಬೀರುವಿನಲ್ಲಿಟ್ಟಳು. ಆಮೇಲೆ ಬಾಗಿಲಿಗೆ ಬಂದು ಕೈ ನೀಡಿದಳು.

"ನಿಮ್ಮ ಲೋಟ ಕೊಡಿ. ಕುಡೀಲೇ ಇಲ್ವಲ್ಲ?"

ಒಳಗಿನ ಹಸಿರಿನ ಮೇಲೆ ಕಂದು ಪೊರೆ ಕಟ್ಟಿತ್ತು. ಅಂಚಿನ ಉಪ್ಪು ಕರಗಿ, ಹನಿಯಾಗಿ ಅವನ ಬೆರಳುಗಳ ಮೇಲೆ ಇಳಿಯುತ್ತಿತ್ತು. ಅವನು ಲೋಟ ಕೊಡಲಿಲ್ಲ. ಒಂದು ಹರಳಾದರೂ ಉಳಿದಿದೆಯೋ ಎಂದು ಅದನ್ನು ತುಟಿಗೆ ಹಚ್ಚಿಕೊಂಡು ಮೆಲ್ಲಗೆ ತಿರುಗಿಸುತ್ತಾ ಹೋದ. ಅವಳ ಕೈ ನೀಡಿದಂತೆಯೇ ಇತ್ತು.